ಹದ್ದಿನಕಲ್ಲು ನಾಯಕನ ಪಂಚಪಾನ

ಹೊಳೆಯ ದಂಡೆಯಲ್ಲಿ ಮಾರಜ್ಜಿಯ ಗುಡಿಸಲು. ಗುಡಿಸಲ ಮುಂದೆ ಒಂದು ಹಂಡೆ. ಆ ಹಂಡೆಯಲ್ಲಿ ಎಮ್ಮೆ ಈಜುತ್ತಿತ್ತು ಅನ್ನುವವರಿದ್ದಾರೆ. ಅಷ್ಟೊಂದು ಸುಳ್ಳು ಬೇಡ. ಎಮ್ಮೆಯಲ್ಲ, ಕರು.

ಅದರಲ್ಲಿ ಮಾರಜ್ಜಿ ಪಂಚಪಾನ ಕಲಸುತ್ತಿದ್ದಳು. ಸಾರಾಯಿ, ಬೆಲ್ಲ, ನಿಂಬೆ, ಮಸಾಲೆ, ನೀರು. ಇಷ್ಟೇ. ಆ ಸೀಮೆಯಲ್ಲಿ ಮದುವೆಯಾದರೂ ಯುದ್ಧ ಗೆದ್ದರೂ ಜನ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು.

ಅವಳ ಬಳಿ ಪಾಲಯ್ಯ ಎಂಬ ಶಿಷ್ಯನಿದ್ದ. ಸೌದೆ ಒಡೆಯುತ್ತ, ಹಂಡೆ ತಿಕ್ಕುತ್ತ, ಅವನ ಮೀಸೆಯಲ್ಲೂ ಒಂದೆರಡು ಬಿಳಿಕೂದಲು ಬಂದಿದ್ದವು.

ಒಂದು ಬೆಳಿಗ್ಗೆ ಹದ್ದಿನಕಲ್ಲು ಕೋಟೆಯಿಂದ ನಾಯಕನ ಆಳು ಜಂಪಯ್ಯ ಬಂದ. ಕೂರು ಅಂದರೂ ಕೂರಲಿಲ್ಲ.

"ನಾಯಕರು ಆಚೆದಡದ ಕೋಟೆ ಗೆದ್ದರು. ಸಂಜೆ ಇದೇ ಮರಳಿನ ಮೇಲೆ ಊಟ. ಗೆದ್ದವರೂ ಬರ್ತಾರೆ, ಸೋತವರೂ ಬರ್ತಾರೆ. ಮುನ್ನೂರು ಬಾಯಿ."

"ಆಗಲಿ," ಅಂದಳು ಮಾರಜ್ಜಿ.

"ಗಟ್ಟಿಯಾಗಿರಬೇಕಂತೆ. ಮೊದಲ ಬಟ್ಟಲಿಗೇ ಆನೆ ಕೂತುಬಿಡಬೇಕಂತೆ."

"ಆನೆಗೂ ಎಲೆ ಹಾಕಿದ್ದಾರೇನು?"

ಜಂಪಯ್ಯ ನಗಲಿಲ್ಲ. "ಹೋದ ವರ್ಷ ಬೇರೆ ಒಬ್ಬನ ಕೈಲಿ ಮಾಡಿಸಿದ್ದರು. ಸಪ್ಪೆಯಾಯಿತು."

"ಅವನೀಗ ಎಲ್ಲಿದ್ದಾನೆ?" ಎಂದ ಪಾಲಯ್ಯ.

"ಅವನ ರುಮಾಲು ಕೆಳಗಿನ ಮಡುವಿನಲ್ಲಿ ಸಿಕ್ಕಿತು," ಅಂದ ಜಂಪಯ್ಯ. "ಅವನು ಸಿಗಲಿಲ್ಲ."

ಅವನು ದಿಬ್ಬ ಹತ್ತಿ ಮರೆಯಾದ ಮೇಲೆ ಮಾರಜ್ಜಿ ಊರುಗೋಲು ಕೈಗೆ ತೆಗೆದುಕೊಂಡಳು.

"ಇವತ್ತು ನೀನೇ ಕಲಸು. ಮೇಲಿನ ಹಳ್ಳಿಯಲ್ಲಿ ಬಾಣಂತಿ ಮಲಗಿದ್ದಾಳೆ, ನೋಡಿ ಬರ್ತೀನಿ."

"ಇವತ್ತೇನಾ ಅಜ್ಜಿ? ಬೇರೆ ದಿನ ಸಿಗಲಿಲ್ವಾ?"

"ನಾಯಕ ಬೇರೆ ದಿನ ಉಣ್ಣಲ್ಲವಂತೆ."

"ಅಳತೆ ತಪ್ಪಿದರೆ?"

"ಅಳತೆ ಗೊತ್ತಿಲ್ವಾ?"

"ಗೊತ್ತು. ಒಂದು ಕೊಡ ಸಾರಾಯಿಗೆ ಮೂರು ಕೊಡ ನೀರು."

"ಹೊಳೆಯೇನೂ ಬತ್ತಿಲ್ಲ," ಎಂದು ಅವಳು ನಡೆದೇಬಿಟ್ಟಳು.

ಪಾಲಯ್ಯ ಅಳತೆಯಂತೆಯೇ ಶುರುಮಾಡಿದ. ಬೆಲ್ಲ ಕರಗಿಸಿದ, ನಿಂಬೆ ಹಿಂಡಿದ, ಶುಂಠಿ ಲವಂಗ ಜಜ್ಜಿ ಹಾಕಿದ. ಸೌಟು ತಿರುಗಿಸುತ್ತ ಹೊಳೆಯ ಕಡೆ ನೋಡಿದ. ಏನೋ ಕೆಂಪಗೆ ತೇಲಿಹೋಯಿತು. ಮುತ್ತುಗದ ಹೂವೇ ಇರಬೇಕು. ರುಮಾಲಿನಷ್ಟು ದೊಡ್ಡ ಹೂವು.

ಅವನು ಒಂದು ಗುಟುಕು ರುಚಿ ನೋಡಿದ. ಗಂಟಲು ಉರಿಯಿತು. ಸರಿಯಾಗಿದೆ ಅನ್ನಿಸಿತು. ಆದರೆ ತನ್ನ ಗಂಟಲೇ ಬೇರೆ, ನಾಯಕನ ಗಂಟಲೇ ಬೇರೆ. ಇನ್ನೊಂದು ಕೊಡ ಸಾರಾಯಿ ಸುರಿದ.

ಮತ್ತೆ ರುಚಿ ನೋಡಿದ. ಅಷ್ಟು ಉರಿಯಲಿಲ್ಲ. ಮತ್ತೊಂದು ಕೊಡ ಸುರಿದ.

ಬಿಸಿಲು ಏರಿತು. ಅವನು ಸುರಿದ, ನೋಡಿದ, ಸುರಿದ. ಎಷ್ಟು ಸುರಿದರೂ ಪಾನ ಸಪ್ಪೆಯಾಗುತ್ತಲೇ ಹೋಯಿತು. ಕೊನೆಗೆ ಹೊಳೆನೀರಿಗೂ ಅದಕ್ಕೂ ವ್ಯತ್ಯಾಸವೇ ತಿಳಿಯಲಿಲ್ಲ. ಯಾರದೋ ಕೆಟ್ಟ ಕಣ್ಣು ಬಿದ್ದಿದೆ ಅಂತ ಪಾಲಯ್ಯನಿಗೆ ಅನ್ನಿಸಿತು. ಬೇವಿನ ಸೊಪ್ಪು ತಂದು ಹಂಡೆಯ ಕಂಠಕ್ಕೆ ಕಟ್ಟಿದ.

ಮಾರಜ್ಜಿ ಬರುವ ಹೊತ್ತಿಗೆ ಅವನು ಹಂಡೆಗೆ ಒರಗಿ ಅಳುತ್ತಿದ್ದ.

"ಅಜ್ಜಿ, ಯಾರೋ ಮಾಟ ಮಾಡಿಸಿದ್ದಾರೆ. ಸಾರಾಯಿ ಹಾಕಿದಷ್ಟೂ ನೀರಾಗ್ತಿದೆ. ನಾನು ಸತ್ತೆ."

ಮಾರಜ್ಜಿ ಹಂಡೆಯ ಕಡೆ ನೋಡಲೇ ಇಲ್ಲ. ಊರುಗೋಲಿನಿಂದ ಒದ್ದೆ ಮರಳಿನ ಮೇಲೆ ಒಂದು ಗೆರೆ ಎಳೆದಳು, ಹಂಡೆಯಿಂದ ಹೊಳೆಯವರೆಗೆ.

"ಇದರ ಮೇಲೆ ನಡಿ."

"ಜೀವ ಹೋಗ್ತಿದೆ, ಇದೆಂಥ ಆಟ ಅಜ್ಜಿ?"

"ನಡಿ."

ಅವನು ಮೂಗು ಒರೆಸಿಕೊಂಡು ನಡೆದ. ಎದೆ ಸೆಟೆಸಿ, ಒಂದೊಂದೇ ಹೆಜ್ಜೆ ಇಟ್ಟು, ನೀರಿನ ಅಂಚಿಗೆ ಹೋಗಿ ನಿಂತ.

"ನೆಟ್ಟಗೆ ಬಂದೆನಲ್ಲ?"

"ತಿರುಗಿ ನೋಡು."

ಗೆರೆ ಇದ್ದಲ್ಲೇ ಇತ್ತು. ಹೆಜ್ಜೆಗಳು ಎಡಗಡೆಯ ಪೊದೆಗೆ ಹೋಗಿದ್ದವು, ಅಲ್ಲಿಂದ ಬಂದು ಒಂದು ಬಂಡೆಯನ್ನು ಸುತ್ತಿದ್ದವು. ಒಂದು ಕಡೆ ಅಂಗೈ ಊರಿದ ಗುರುತೂ ಇತ್ತು.

"ಇವು ಯಾರವು?" ಎಂದ ಪಾಲಯ್ಯ.

"ನಾನೂ ಅದನ್ನೇ ಕೇಳಬೇಕು ಅಂತಿದ್ದೆ."

ಅವನು ಬಹಳ ಹೊತ್ತು ಆ ಹೆಜ್ಜೆಗಳನ್ನೇ ನೋಡಿದ. ಆಮೇಲೆ ಹಂಡೆಯನ್ನು ನೋಡಿದ. ಸಪ್ಪೆಯಾದದ್ದು ಪಾನವಲ್ಲ, ತನ್ನ ನಾಲಿಗೆ ಎಂದು ಆಗ ಅವನಿಗೆ ಹೊಳೆಯಿತು.

ಆಚೆದಡದಲ್ಲಿ ದೋಣಿಗಳು ಹೊರಡುತ್ತಿದ್ದವು. ಸೋತವರು ಒಬ್ಬೊಬ್ಬರಾಗಿ ಹತ್ತುತ್ತಿದ್ದರು. ಇಳಿಬಿಸಿಲಿಗೆ ಅವರ ಸೊಂಟದಲ್ಲಿ ಏನೋ ಮಿಂಚುತ್ತಿತ್ತು.

"ಎಲ್ಲರ ಹತ್ತಿರವೂ ಬಾಕು ಇದೆ ಅಜ್ಜಿ."

"ಬಾಡು ಕೊಯ್ಯೋಕೆ."

"ಇದನ್ನ ಕುಡಿದ ಮೇಲೆ?"

ಮಾರಜ್ಜಿ ಗುಡಿಸಲೊಳಗಿಂದ ಇನ್ನೆರಡು ಹಂಡೆ ಉರುಳಿಸಿಕೊಂಡು ಬಂದಳು. ಪಾನವನ್ನು ಮೂರಕ್ಕೂ ಹಂಚಿದಳು. ಅಲ್ಲಲ್ಲಿ ಬಿದ್ದಿದ್ದ ಖಾಲಿ ಸಾರಾಯಿ ಕೊಡಗಳನ್ನು ಎತ್ತಿ ಮರಳಿನ ಮೇಲೆ ಸಾಲಾಗಿ ಮಲಗಿಸಿದಳು.

"ನೀರು ತಾ."

"ಸಪ್ಪೆಯಾದರೆ ನನ್ನ ರುಮಾಲು ಮಡುವಿನಲ್ಲಿ ತೇಲುತ್ತೆ."

"ನಿನಗೆ ರುಮಾಲೇ ಇಲ್ಲವಲ್ಲ."

"ಎಷ್ಟು ತರಲಿ?"

"ನಿನ್ನನ್ನ ಕೇಳಿಕೋಬೇಡ. ಮಲಗಿರೋ ಕೊಡಗಳನ್ನ ಕೇಳು."

ಒಂದು ಖಾಲಿ ಕೊಡಕ್ಕೆ ಮೂರು ಕೊಡ ನೀರು. ಬೆಳಿಗ್ಗೆ ಹಾಕಿದ್ದನ್ನು ಕಳೆದು, ಉಳಿದದ್ದನ್ನು ಪಾಲಯ್ಯ ಹೊರತೊಡಗಿದ. ಮೊದಲ ಸಲ ಕೊಡದ ಸಮೇತ ಬಿದ್ದ. ಎರಡನೆಯ ಸಲ ಅರ್ಧ ತುಳುಕಿಸಿದ. ಹೊಳೆಯಲ್ಲಿ ಕುತ್ತಿಗೆಯವರೆಗೆ ಮುಳುಗಿ ಎದ್ದು ಬಂದ. ಅವನು ಹೊರುತ್ತಿದ್ದರೆ ಮಾರಜ್ಜಿ ಕಾಲು ಚಾಚಿ ಕೂತು ನಿಂಬೆ ಹಿಂಡುತ್ತಿದ್ದಳು. ಕೊನೆಯ ಕೊಡವನ್ನು ಒಂದು ಹನಿಯೂ ಚೆಲ್ಲದೆ ಸುರಿದ.

"ಅಜ್ಜಿ, ಒಂದು ತೊಟ್ಟು ಬಾಯಿಗೆ ಹಾಕಿ ಹೇಳು. ನನ್ನ ನಾಲಿಗೆ ಸತ್ತಿದೆ."

ಮಾರಜ್ಜಿ ಹಂಡೆಗಳ ಮೇಲೆ ಮುಚ್ಚಳ ಎಳೆದಳು.

ಸಂಜೆ ನಾಯಕ ದಿಬ್ಬ ಇಳಿದು ಬಂದ. ದೊಡ್ಡ ಆಳಲ್ಲ. ಆದರೆ ಅವನು ನಡೆದ ಕಡೆ ಮಾತು ನಿಲ್ಲುತ್ತಿತ್ತು. ಅವನ ಜನ ಒಂದು ಸಾಲು ಕೂತರು, ಆಚೆದಡದವರು ಎದುರು ಸಾಲು. ಎಲ್ಲರ ಬಟ್ಟಲೂ ತುಂಬಿತು.

ಮೊದಲ ಬಟ್ಟಲು ಕಲಸಿದವನೇ ಕುಡಿಯಬೇಕು. ಕುಡಿದು, ನಾಯಕ ಕುಡಿದು ಮುಗಿಸುವವರೆಗೆ ನಿಂತಿರಬೇಕು. ಅದು ಅಲ್ಲಿಯ ಕಟ್ಟಳೆ. ಪಾನದಲ್ಲಿ ವಿಷವಿದ್ದರೆ ಗೊತ್ತಾಗಲಿ ಅಂತ.

ಪಾಲಯ್ಯ ಕುಡಿದ. ಬಾಯಿಗೆ ಏನೂ ತಿಳಿಯಲಿಲ್ಲ. ಕಟ್ಟಿಗೆ ನೆಕ್ಕಿದ ಹಾಗಾಯಿತು. ನಾಯಕ ಅವನ ಮುಖ ನೋಡದೆ ಮಂಡಿಗಳನ್ನೇ ನೋಡುತ್ತಿದ್ದ. ಪಾಲಯ್ಯ ಮಂಡಿ ಬಿಗಿಹಿಡಿದು ನಿಂತ.

ನಾಯಕ ಬಟ್ಟಲು ಎತ್ತಿ ಅರ್ಧ ಕುಡಿದ. ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿದ.

"ಮುದುಕಿ."

"ಏನಪ್ಪ ನಾಯಕ?"

"ಆನೆ ಕೂರಬೇಕು ಅಂದಿದ್ದೆ. ನಾನಿನ್ನೂ ನಿಂತಿದ್ದೀನಿ. ಇದು ಸಪ್ಪೆ."

ಜಂಪಯ್ಯ ನಿಧಾನವಾಗಿ ಬಂದು ಪಾಲಯ್ಯನ ಹಿಂದೆ ನಿಂತ. ಅವನ ಉಸಿರು ಪಾಲಯ್ಯನ ಕತ್ತಿಗೆ ತಾಗುತ್ತಿತ್ತು. ಬಿಸಿಯಾಗಿತ್ತು, ಈರುಳ್ಳಿ ವಾಸನೆ ಇತ್ತು. ಸಾಯುವ ಹೊತ್ತಿಗೆ ಇದನ್ನೆಲ್ಲ ಯಾಕೆ ಗಮನಿಸುತ್ತಿದ್ದೇನೆ ಎಂದು ಪಾಲಯ್ಯನಿಗೆ ಅನ್ನಿಸಿತು.

ಮಾರಜ್ಜಿ ನಾಯಕನ ಹತ್ತಿರ ಹೋದಳು. ಅವನಿಗೂ ಪಾಲಯ್ಯನಿಗೂ ಬಿಟ್ಟು ಇನ್ನೊಬ್ಬರಿಗೆ ಕೇಳದ ಹಾಗೆ ಮಾತಾಡಿದಳು.

"ಆನೆ ಕೂರಿಸೋ ಸಾರಾಯಿ ಒಳಗಿದೆ. ಹೇಳಿದರೆ ಈಗಲೇ ಸುರೀತೀನಿ. ನಿನ್ನವರೆಲ್ಲ ಮಲಗಿದ ಮೇಲೆ ಎಚ್ಚರ ಇರೋನು ಯಾರು, ಅವನನ್ನೊಂದು ಸಲ ತೋರಿಸಿಬಿಡು."

"ಅವರೂ ಕುಡೀತಾರಲ್ಲ."

"ಸೋತವರು ನಿಧಾನವಾಗಿ ಕುಡೀತಾರೆ ಕಣಪ್ಪ."

ನಾಯಕ ಕತ್ತು ತಿರುಗಿಸಿದ. ಪಾಲಯ್ಯನೂ ಅತ್ತ ನೋಡಿದ. ನಾಯಕನ ಜನ ಆಗಲೇ ಬಟ್ಟಲನ್ನು ತುಟಿಗೆ ಹಿಡಿದಿದ್ದರು. ಎದುರು ಸಾಲಿನವರ ಬಟ್ಟಲುಗಳು ಮರಳಿನ ಮೇಲೆ ತುಂಬಿದ ಹಾಗೇ ಇದ್ದವು. ಅವರೆಲ್ಲ ತಲೆ ಎತ್ತಿ ಒಂದೇ ಕಡೆ ನೋಡುತ್ತಿದ್ದರು, ನಾಯಕನ ಕಡೆ.

ನಾಯಕನ ಕೈಯ ಬಟ್ಟಲಿನಲ್ಲಿ ಪಾನ ಸಣ್ಣಗೆ ಅಲುಗಿತು. ಅದನ್ನು ಕಂಡವನು ಪಾಲಯ್ಯನೊಬ್ಬನೇ. ಕಂಡದ್ದಕ್ಕೆ ಅವನಿಗೆ ಇನ್ನಷ್ಟು ಹೆದರಿಕೆಯಾಯಿತು.

ನಾಯಕ ಉಳಿದದ್ದನ್ನು ಒಂದೇ ಗುಟುಕಿಗೆ ಕುಡಿದು ಮುಗಿಸಿದ.

"ಚೆನ್ನಾಗಿದೆ," ಎಂದ ಗಟ್ಟಿಯಾಗಿ. "ಎಲ್ಲರೂ ಕುಡೀರಿ."

ಕತ್ತಿನ ಮೇಲಿದ್ದ ಈರುಳ್ಳಿ ವಾಸನೆ ದೂರವಾಯಿತು.

ಜನ ಉಂಡರು. ಸ್ವಲ್ಪ ಹಾಡಿದರು, ಸ್ವಲ್ಪ ಬೈದಾಡಿದರು. ಯಾರೋ ಒಬ್ಬ ಹೊಳೆಗೆ ಬಿದ್ದ, ಎದುರು ಸಾಲಿನವನೇ ಒಬ್ಬ ಎಳೆದು ಹಾಕಿದ. ಊಟ ಮುಗಿದಾಗ ಎಲ್ಲರೂ ತಮ್ಮ ತಮ್ಮ ಕಾಲಮೇಲೆ ನಡೆದು ಹೋದರು. ದೋಣಿಗಳು ಆಚೆದಡ ಮುಟ್ಟಿದವು.

ಆಗ ಪಾಲಯ್ಯ ಮರಳಿನ ಮೇಲೆ ಕೂತ. ಕೂತಲ್ಲಿಂದಲೇ ಹಂಡೆ ತಿಕ್ಕಿದ.

"ಅಜ್ಜಿ, ಅವನು ಕೊನೆಗೂ ಸಪ್ಪೆ ಅಂತಲೇ ಅಂದಿದ್ದರೆ?"

"ಚೆನ್ನಾಗಿದೆ ಅಂದನಲ್ಲ."

"ಇಷ್ಟೆಲ್ಲ ಆದರೂ ನೀನು ಒಂದು ತೊಟ್ಟು ಬಾಯಿಗಿಡಲಿಲ್ಲ. ನಿನಗೆ ಹೆದರಿಕೆಯೇ ಆಗಲಿಲ್ವಾ?"

ಮಾರಜ್ಜಿ ತೊಳೆದ ಹಂಡೆಯನ್ನು ಮರಳಿನ ಮೇಲೆ ಕವುಚಿ ಹಾಕಿದಳು.

"ಆಗಿತ್ತು ಕಣೋ, ನಿನ್ನಷ್ಟೇ. ಅದಕ್ಕೇ ರುಚಿ ನೋಡಲಿಲ್ಲ."