ಖಾಲಿಯೆಂದು ಬರೆದಿದ್ದ ವಿಳಾಸ

“ಬುದ್ಧಿ, ಹೋದವನು ತಿರುಗಿ ಬಂದಾಗ ಅವನ ಜಾಗದಲ್ಲಿ ಇನ್ನೊಬ್ಬ ಇದ್ದರೆ ಯಾರು ಏಳಬೇಕು?”

ಕೇಳಿದವನು ಮಠದ ಸಿದ್ಧಮಲ್ಲಪ್ಪ. ಹನ್ನೆರಡು ವರ್ಷ ದಾಸೋಹದಲ್ಲಿ ಸಾರು ಬಡಿಸಿದವನು. ತಾಯಿಗೆ ಕಾಯಿಲೆಯೆಂದು ಹೋಗಿ, ನಾಲ್ಕು ತಿಂಗಳು ಆಸ್ಪತ್ರೆಯಲ್ಲಿ ಅವಳ ಮಗ್ಗುಲಲ್ಲಿದ್ದು, ಕೊನೆಗೆ ಅವಳನ್ನು ಕಳೆದುಕೊಂಡು ಹಿಂದಿನ ದಿನವಷ್ಟೇ ಮರಳಿದ್ದ. ಬಂದು ನೋಡಿದರೆ ಸಾರಿನ ಸೌಟು ಮಾದಯ್ಯ ಎಂಬ ಹೊಸಬನ ಕೈಯಲ್ಲಿತ್ತು. ಸಿದ್ಧಮಲ್ಲಪ್ಪ ಕೈ ಚಾಚಿದಾಗ ಮಾದಯ್ಯ ಸೌಟು ಕೊಡಲಿಲ್ಲ. “ನೀವು ಕೂತ್ಕಳಿ, ನಾನು ಬಡಿಸ್ತೀನಿ” ಎಂದ. ಸಿದ್ಧಮಲ್ಲಪ್ಪ ಉಣ್ಣದೆ ಎದ್ದು ಬಂದ. ಈಗ ಬಟ್ಟೆಯ ಗಂಟು ಕಟ್ಟಿಕೊಂಡೇ ಗುರುಗಳ ಮುಂದೆ ನಿಂತಿದ್ದ. ಮಾದಯ್ಯನನ್ನು ಕಳಿಸಬೇಕು, ಇಲ್ಲವೇ ತಾನು ಹೋಗಬೇಕು.

ಗುರುಗಳು ಸನ್ಯಾಸಕ್ಕೆ ಮೊದಲು ಕಂಪ್ಯೂಟರ್ ಕೆಲಸದಲ್ಲಿದ್ದವರು. ಅವರ ಕತೆಗಳಲ್ಲಿ ರಾಜರಿಗಿಂತ ತಂತಿಗಳೇ ಹೆಚ್ಚು. “ಗಂಟು ಕೆಳಗಿಟ್ಟು ಕೂತ್ಕೊ. ಹೊತ್ತುಕೊಂಡು ನಿಂತವನಿಗೆ ಕತೆ ಹೇಳೋಕೆ ನನಗೆ ಬರಲ್ಲ” ಎಂದರು. ಆಮೇಲೆ ಹೇಳಿದ ಕತೆ ಇದು.

ಒಂದು ಊರಿನ ಆಸ್ಪತ್ರೆಯಲ್ಲಿ ಒಂದು ಸರ್ವರ್ ಇತ್ತು. ಸರ್ವರ್ ಎಂದರೆ ಕೇಳಿದವರಿಗೆಲ್ಲ ಉತ್ತರ ಕೊಡುತ್ತ ಕೂತಿರುವ ಕಂಪ್ಯೂಟರ್. ನಿನ್ನ ಹಾಗೆ ಅದಕ್ಕೂ ರಜೆ ಇಲ್ಲ. ಸುತ್ತಲಿನ ಹತ್ತು ಆಸ್ಪತ್ರೆಗಳಲ್ಲಿ ಯಾವ ಗುಂಪಿನ ರಕ್ತ ಎಲ್ಲಿದೆ ಎಂಬ ಪಟ್ಟಿ ಅದರಲ್ಲಿತ್ತು.

ಇಂಥ ಯಂತ್ರಗಳಿಗೆ ನಂಬರಿನ ವಿಳಾಸ ಇರುತ್ತದೆ. ಕೇಳುವವರು ಯಂತ್ರದ ಮುಖ ನೋಡುವುದಿಲ್ಲ, ಆ ವಿಳಾಸಕ್ಕೆ ಹೋಗಿ ಕೇಳುತ್ತಾರೆ. ವಿಳಾಸಗಳನ್ನು ಹಂಚಲು ರೂಟರ್ ಎಂಬ ಪೆಟ್ಟಿಗೆ ಇದೆ. ಆದರೆ ಈ ಸರ್ವರ್‌ಗೆ ಮಾತ್ರ ಒಬ್ಬ ಎಂಜಿನಿಯರ್ ತನ್ನ ಕೈಯಾರೆ ವಿಳಾಸ ಬರೆದು ಕೊಟ್ಟಿದ್ದ. ಮೂರು ವರ್ಷ ಅದು ಒಂದು ದಿನವೂ ನಿಂತಿರಲಿಲ್ಲ. ಅದರಿಂದ ಎಂಜಿನಿಯರ್‌ಗೂ ಒಳ್ಳೆಯ ಹೆಸರು ಬಂದಿತ್ತು.

ಒಂದು ಭಾನುವಾರ ಸರ್ವರ್ ಇದ್ದ ಕೋಣೆಯಲ್ಲಿ ವೈರಿಂಗ್ ಕೆಲಸ ನಡೆಯಿತು. ಅದಕ್ಕಾಗಿ ಸರ್ವರನ್ನು ಒಂದು ಗಂಟೆ ಆಫ್ ಮಾಡಿದರು. ಮತ್ತೆ ಆನ್ ಮಾಡಿದಾಗ ದೀಪ ಹತ್ತಿತು, ಫ್ಯಾನ್ ತಿರುಗಿತು. ಆದರೆ ಯಾರು ಏನು ಕೇಳಿದರೂ ಅದು ಉತ್ತರ ಕೊಡಲಿಲ್ಲ.

ಅದೇ ಹೊತ್ತಿಗೆ ಹೆರಿಗೆ ವಾರ್ಡಿನಲ್ಲಿ ಒಬ್ಬ ತಾಯಿಗೆ ರಕ್ತಸ್ರಾವ ನಿಲ್ಲದೆ ಹೋಯಿತು. ಅವಳದು ಸುಲಭಕ್ಕೆ ಸಿಗದ ಗುಂಪು. ಅಲ್ಲಿನ ಫ್ರಿಜ್ಜಿನಲ್ಲಿ ಅದು ಇರಲಿಲ್ಲ. ಒಬ್ಬ ನರ್ಸ್ ಕಿವಿಯಲ್ಲಿ ಫೋನ್ ಇಟ್ಟುಕೊಂಡೇ ಕಂಪ್ಯೂಟರಿನಲ್ಲಿ ಪಟ್ಟಿ ತೆಗೆಯಲು ನೋಡಿದಳು. ಪಟ್ಟಿ ಬರಲಿಲ್ಲ. ಭಾನುವಾರವಾದ್ದರಿಂದ ಬೇರೆ ಆಸ್ಪತ್ರೆಗಳಲ್ಲಿ ಫೋನ್ ಎತ್ತುವವರೂ ಇರಲಿಲ್ಲ. ಎಂಜಿನಿಯರ್‌ಗೆ ಹೇಳಿಕಳಿಸಿದರು.

ಅವನು ಬಂದವನೇ ಸರ್ವರನ್ನು ಆಫ್ ಮಾಡಿ ಆನ್ ಮಾಡಿದ. ಆಗಲಿಲ್ಲ. ಕೇಬಲ್ ಬದಲಾಯಿಸಿ ಮತ್ತೆ ಆನ್ ಮಾಡಿದ. ಆಗಲೂ ಇಲ್ಲ. ನರ್ಸ್ ಬಾಗಿಲಿಗೆ ಬಂದು, “ಸಾರ್, ರಕ್ತ ಎಲ್ಲಿದೆ ಅಂತ ಕೇಳಿದ್ರೆ ಇಂಕ್ ಫುಲ್ ಇದೆ ಅಂತ ತೋರಿಸ್ತಿದೆ” ಎಂದಳು.

“ಅದೆಲ್ಲ ಏನೇನೋ ಬರುತ್ತೆ ಸಿಸ್ಟರ್, ನೀವು ಹೋಗಿ” ಎಂದು ಅವನು ಮೂರನೆಯ ಸಲ ಆಫ್ ಮಾಡಿದ.

ಅವಳ ಒಂದೇ ಮಾತಿನಲ್ಲಿ ಕಾಯಿಲೆಯೂ ಇತ್ತು, ಮದ್ದೂ ಇತ್ತು. ಅವನು ಕೇಳಿಸಿಕೊಳ್ಳಲಿಲ್ಲ. ಆದರೂ ಅವನನ್ನು ನೆನೆದರೆ ನನಗೆ ಅಯ್ಯೋ ಎನಿಸುತ್ತದೆ. ಹೆದರಿದವನು ತನಗೆ ಬರುವ ಕೆಲಸವನ್ನೇ ಮತ್ತೆ ಮತ್ತೆ ಮಾಡುತ್ತಾನೆ.

ನಲವತ್ತು ನಿಮಿಷ ಕಳೆದ ಮೇಲೆ ನರ್ಸ್ ಅವನ ತೋಳು ಹಿಡಿದು ಎಳೆದೊಯ್ದು ತನ್ನ ಕುರ್ಚಿಯಲ್ಲಿ ಕೂರಿಸಿದಳು. ಅವನು ನೋಡಿದ. ವಿಳಾಸ ಸರ್ವರಿನದೇ. ಅಲ್ಲಿ ಕಂಡದ್ದು ಮಾತ್ರ ಒಂದು ಪ್ರಿಂಟರಿನ ಚಿತ್ರ, ಅದರ ಕೆಳಗೆ ಇಂಕ್ ತುಂಬಿದೆ ಎಂಬ ಸಾಲು.

ಆಗಿದ್ದು ಇಷ್ಟು. ಸರ್ವರ್ ನಿಂತಿದ್ದ ಆ ಒಂದು ಗಂಟೆಯಲ್ಲಿ ಕಚೇರಿಯ ಗುಮಾಸ್ತ ಹೊಸ ಪ್ರಿಂಟರನ್ನು ಜೋಡಿಸಿದ್ದ. ಪ್ರಿಂಟರ್ ವಿಳಾಸ ಕೇಳಿತು, ಕೂಗಿದರೆ ಯಾರೂ ಓಗೊಡದ ಸರ್ವರಿನ ವಿಳಾಸವನ್ನೇ ರೂಟರ್ ಖಾಲಿಯೆಂದು ಕೊಟ್ಟಿತು. ಸರ್ವರ್ ಎದ್ದು, ಯಂತ್ರಗಳ ಪದ್ಧತಿಯಂತೆ, ಈ ವಿಳಾಸದಲ್ಲಿ ಯಾರಾದರೂ ಇದ್ದೀರಾ ಎಂದು ಕೇಳಿತು. ಪ್ರಿಂಟರ್ ನಾನಿದ್ದೇನೆ ಎಂದಿತು. ಸರ್ವರ್ ಸುಮ್ಮನಾಯಿತು. ಗಂಟು ಕಟ್ಟಿಕೊಂಡು ಹೊರಡಲು ಅದಕ್ಕೇನು ನಿನ್ನ ಹಾಗೆ ಕಾಲಿದೆಯೇ?

ಎಂಜಿನಿಯರ್ ಓಡಿಹೋಗಿ ಪ್ರಿಂಟರಿನ ಕೇಬಲ್ ಕಿತ್ತ. ಸರ್ವರನ್ನು ಮತ್ತೊಮ್ಮೆ ಆನ್ ಮಾಡಿದ. ಪಟ್ಟಿ ಬಂತು. ಪಕ್ಕದ ಊರಿನಲ್ಲಿ ಎರಡು ಯೂನಿಟ್ ರಕ್ತ ಇತ್ತು. ಆಂಬುಲೆನ್ಸ್ ಹೋಗಿ ತಂದಿತು. ತಾಯಿ ಉಳಿದಳು. ಇನ್ನು ಕಾಲು ಗಂಟೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರ್ ಹೇಳಿದಾಗ ತಾನು ಕಳೆದ ನಲವತ್ತು ನಿಮಿಷ ನೆನೆದು ಎಂಜಿನಿಯರ್‌ಗೆ ಭಯವಾಯಿತು.

ಆ ಭಯ ಸಿಟ್ಟಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನೇರ ಗುಮಾಸ್ತನ ಮೇಲೆ ಹರಿಹಾಯ್ದ. “ಯಾರನ್ನ ಕೇಳಿ ಸಿಗಿಸಿದ್ರಿ?”

ಗುಮಾಸ್ತ ವಯಸ್ಸಾದವನು. “ಸಿಗಿಸಿದ್ರೆ ಸಾಕು, ಮಿಕ್ಕಿದ್ದು ಅದೇ ನೋಡ್ಕೊಳುತ್ತೆ ಅಂತ ಡಬ್ಬದ ಮೇಲೆ ಇತ್ತು ಸಾರ್” ಎಂದ.

ಈ ಪ್ರಿಂಟರನ್ನೂ ನಿಮ್ಮನ್ನೂ ಇಲ್ಲಿಂದ ಎತ್ತಂಗಡಿ ಮಾಡಿಸುತ್ತೇನೆ ಎಂದು ಎಂಜಿನಿಯರ್ ದೂರು ಬರೆಯಲು ಕೂತ. ದೂರಿಗೆ ಪುರಾವೆ ಬೇಕಲ್ಲ. ರೂಟರಿನ ಒಳಗಿದ್ದ ವಿಳಾಸಗಳ ಪಟ್ಟಿ ತೆಗೆದ. ಸರ್ವರಿನ ವಿಳಾಸದ ಮುಂದೆ ‘ಖಾಲಿ’ ಎಂದಿತ್ತು. ಮೂರು ವರ್ಷದಿಂದಲೂ ಹಾಗೆಯೇ ಇತ್ತು. ಇದು ನಿನ್ನ ವಿಳಾಸ ಎಂದು ಅವನು ಸರ್ವರ್‌ಗೆ ಹೇಳಿದ್ದ. ಇದನ್ನು ಬೇರೆಯವರಿಗೆ ಕೊಡಬೇಡ ಎಂದು ರೂಟರ್‌ಗೆ ಹೇಳಿರಲಿಲ್ಲ. ಸರ್ವರ್ ಯಾವತ್ತೂ ಜಾಗ ಬಿಟ್ಟು ಹೋಗದ ಕಾರಣ ಆ ಮರೆವು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅವನು ದೂರನ್ನು ಹರಿದುಹಾಕಿದ. ಆ ವಿಳಾಸ ಸರ್ವರ್‌ಗೆ ಮೀಸಲು ಎಂದು ರೂಟರಿನಲ್ಲಿ ಬರೆದ. ಪ್ರಿಂಟರ್‌ಗೆ ಬೇರೊಂದು ವಿಳಾಸ ಕೊಟ್ಟ. ಅದಕ್ಕೆ ಐದು ನಿಮಿಷ ಹಿಡಿಯಿತು. ಗುಮಾಸ್ತನ ಮುಂದೆ ನಿಂತು ತಪ್ಪಾಯಿತು ಎನ್ನುವುದಕ್ಕೆ ಎರಡು ದಿನ ಹಿಡಿಯಿತು.

ಗುರುಗಳು ಕತೆ ನಿಲ್ಲಿಸಿದರು. ಸಿದ್ಧಮಲ್ಲಪ್ಪ ಗಂಟನ್ನು ಪಕ್ಕಕ್ಕೆ ಸರಿಸಿದ. “ತಿಳೀತು ಬುದ್ಧಿ. ಮಾದಯ್ಯಂದು ಏನೂ ತಪ್ಪಿಲ್ಲ. ದುಡುಕಿದೋನು ನಾನು, ತಪ್ಪು ನಂದೇ” ಎಂದು ಕಾಲಿಗೆ ಬೀಳಲು ಬಗ್ಗಿದ.

ಗುರುಗಳು ಅವನ ಎರಡೂ ಭುಜ ಹಿಡಿದು ತಡೆದರು. “ನಿಂದಲ್ಲ ಕಣಪ್ಪ, ಸೌಟು ಕೊಡೋವಾಗ ನೀನು ತಿರುಗಿ ಬರ್ತೀಯ ಅಂತ ಮಾದಯ್ಯಂಗೆ ಹೇಳೋದನ್ನ ಮರೆತೋನು ನಾನು.”