ದೊಡ್ಡೀರಯ್ಯ ಕಟ್ಟಿದ ಮಣ್ಣಿನ ಬೆಲ್ಲ

ಈ ದೀಪದಾಣೆ ಮಗಾ, ಈ ಕತೇಲಿ ಒಂದೊಂದು ಮಾತೂ ನಿಜ. ಸುಳ್ಳು ಅಂತ ಯಾರಾದರೂ ತೋರಿಸಿದರೆ ನನ್ನ ಮೀಸೆ ಕತ್ತರಿಸಿ ನಿನ್ನ ಬೊಂಬೆಗೆ ಜಡೆ ಹೆಣಿ. ನನಗೆ ಹೇಳಿದ್ದು ನಮ್ಮಜ್ಜಿ, ಅವಳಿಗೆ ಹೇಳಿದ್ದು ಅವಳಜ್ಜಿ, ಆ ಅಜ್ಜಿ ಕಣ್ಣಾರೆ ಕಂಡಿದ್ದು. ಹೂಂ ಅಂತಿರು, ಹೂಂ ನಿಂತರೆ ಕತೆಯೂ ನಿಲ್ಲುತ್ತೆ.

ಒಂದಾನೊಂದು ಕಾಲ ಅಂತಾರಲ್ಲ, ಅದಕ್ಕಿಂತ ಒಂದು ವಾರ ಹಿಂದೆ, ಕಬ್ಬು ತೆಂಗಿನಮರದಷ್ಟು ಎತ್ತರ ಬೆಳೀತಿದ್ದ ಕಾಲದಲ್ಲಿ, ಹೊಳೆ ಪಕ್ಕ ಒಂದು ಊರಿತ್ತಂತೆ. ಆ ಊರಿನ ಆಲೆಮನೇಲಿ ಕಬ್ಬಿನ ಹಾಲು ಕಾಯಿಸಿ ಬೆಲ್ಲದ ಪಾಕ ನೋಡೋಕೆ ದೊಡ್ಡೀರಯ್ಯ ಅಂತ ಒಬ್ಬ ಇದ್ದನಂತೆ. ಅವನಂಥ ಪಾಕಗಾರ ಮೂರು ಲೋಕದಲ್ಲೂ ಇರಲಿಲ್ಲವಂತೆ. ಆಚೆ ಊರಲ್ಲಿ ಕೊಪ್ಪರಿಗೆ ಕುದೀತಿದ್ದರೆ ಇಲ್ಲಿಂದಲೇ ಮೂಗೇರಿಸಿ, ಇಳಿಸ್ರೋ ಸೀಯುತ್ತೆ, ಅಂತ ಕೂಗೋನಂತೆ, ಅವರು ಅಲ್ಲಿ ಇಳಿಸೋರಂತೆ. ಅಂಥ ಮೂಗಿನ ಕೆಳಗೆ ಒಂದು ಬಾಯಿ ಇತ್ತಲ್ಲ, ಅದೇ ಕಷ್ಟ. ಅವನ ನಾಲಿಗೆ ಅಡಿ ಹೆಬ್ಬೆರಳುದ್ದದ ಒಬ್ಬ ಮನುಷ್ಯ ಬಿಡಾರ ಹೂಡಿದ್ದನಂತೆ, ಚಪಲಯ್ಯ ಅಂತ. ಸಂಜೆ ಆಯಿತು ಅಂದರೆ ಚಪಲಯ್ಯ ಎದ್ದು ಕೂತು, ಎಲ್ಲಿ ನನ್ನ ಕಳ್ಳು, ಅಂತ ಹಲ್ಲಿಗೆ ಒದೆಯೋನಂತೆ. ದೊಡ್ಡೀರಯ್ಯ ಕುಡಿಯೋನು, ಕುಡಿದು ಕುಡಿದಿಲ್ಲ ಅನ್ನೋನು, ಅನ್ನುತ್ತಾ ಬಾಗಿಲು ಅಂದುಕೊಂಡು ಗೋಡೆ ಹಾಯೋನು. ಅವನು ಕುಡಿದ ಕಳ್ಳನ್ನ ಕಾಲುವೆಗೆ ಬಿಟ್ಟಿದ್ದರೆ ಎರಡು ಬೆಳೆ ಭತ್ತ ಬೆಳೀಬಹುದಿತ್ತಂತೆ.

ಅವನಿಗೆ ತಾಯಮ್ಮ ಅಂತ ಒಬ್ಬಳೇ ಮಗಳು. ಅವಳಿಗೆ ಗಂಡು ಗೊತ್ತಾದಾಗ ಗಂಡಿನ ತಾಯಿ ಹೊಂಬಾಳಮ್ಮ ಅಂಗಳದಲ್ಲೇ ನಿಂತು, ಹುಡುಗಿ ಬಂಗಾರ ಕಣ್ರಪ್ಪ, ಆದರೆ ಕುಡುಕನ ಮನೆ ಹೆಣ್ಣು ಅಂತ ನಾಳೆ ಊರು ಆಡಿಕೊಂಡರೆ ನಾನೇನು ಹೇಳಲಿ, ಅಂದಳಂತೆ. ದೊಡ್ಡೀರಯ್ಯ ತಲೆ ತಗ್ಗಿಸಿಕೊಂಡು ಹೋಗಿ, ಬಿಸಿ ಕೊಪ್ಪರಿಗೆ ಮೇಲೆ ಕೈಯಿಟ್ಟು, ಇನ್ನು ಮುಟ್ಟಲ್ಲ ಅಂತ ಆಣೆ ಮಾಡಿದನಂತೆ. ಕೈ ಬೊಬ್ಬೆ ಬಂತು, ಆಣೆ ಮಾತ್ರ ನಿಂತಿತು. ಅಂಥ ಗಟ್ಟಿಗ.

ಆಮೇಲೆ ಏನಾಯಿತು ಅಂದರೆ, ಚಪಲಯ್ಯ ಮೂರು ದಿನ ಮುನಿಸಿಕೊಂಡು ಮಲಗಿದ್ದ. ನಾಲ್ಕನೇ ದಿನ, ಕಳ್ಳಿನ ಗಡಿಗೆ ಬರೋ ಹೊತ್ತಿಗೆ ಸರಿಯಾಗಿ ಎದ್ದು, ಕಳ್ಳು ಬೇಡಪ್ಪ, ಆಣೆ ಆಗಿದೆ, ಒಂದು ಚೂರು ಬೆಲ್ಲ ಕೊಡು ಸಾಕು, ಅಂದನಂತೆ. ಕಬ್ಬಿನ ಊರು ನೋಡು, ಅಲ್ಲಿ ಬೆಲ್ಲ ತಿನ್ನೋದನ್ನ ತಪ್ಪು ಅನ್ನೋರು ಯಾರೂ ಇಲ್ಲ. ಆಲೆಮನೆಗೆ ಬಂದವರನ್ನ ಬರಿಗೈಲಿ ಕಳಿಸೋ ಹಾಗಿಲ್ಲ ಅನ್ನೋ ಪದ್ಧತಿ ಬೇರೆ. ಕಳ್ಳು ಬಿಟ್ಟಿದಾನೆ ಪುಣ್ಯಾತ್ಮ, ಸಿಹಿ ತಿನ್ನಲಿ ಬಿಡಿ, ಅಂತ ಊರೆಲ್ಲ ಕೈಗೆ ಬೆಲ್ಲ ಹಾಕಿದ್ದೇ ಹಾಕಿದ್ದು. ಹಾಗೆ ಊರೇ ಚಪಲಯ್ಯನನ್ನ ಸಾಕಿತಂತೆ.

ಮೊದಮೊದಲು ಚೂರು. ಆಮೇಲೆ ಉಂಡೆ. ಆಮೇಲೆ ರುಮಾಲಿನಲ್ಲಿ ಬಚ್ಚಿಟ್ಟ ಅಚ್ಚು. ಅವನು ರಸ್ತೇಲಿ ನಡೆದರೆ ಹಿಂದೆ ಇರುವೆ ಸಾಲು ಮದುವೆ ದಿಬ್ಬಣದ ಹಾಗೆ ಬರೋದಂತೆ. ಅದನ್ನ ಯಾರೂ ನೋಡದಿರಲಿ ಅಂತ ನೇರ ದಾರಿ ಬಿಟ್ಟು ಮೊಳಕಾಲುದ್ದ ನೀರಿನ ಕಾಲುವೆಯಲ್ಲಿ ನಡೆದು ಮನೆ ಸೇರೋನಂತೆ. ಯಾಕ್ರೀ ಪಂಚೆ ಒದ್ದೆ, ಅಂತ ಹೆಂಡತಿ ಜವರಮ್ಮ ಕೇಳಿದರೆ, ಸೆಕೆ ಕಣೇ, ಅನ್ನೋನು. ಅಂದ ಮೇಲೆ ಅವನಿಗೇ ಬೆವರು. ಕಳ್ಳು ಕುಡಿಯುವಾಗ ಹೇಳ್ತಿದ್ದ ಸುಳ್ಳಿನದೇ ದನಿ ಅದು, ಅವನ ಕಿವಿಗೆ ಗುರುತು ಸಿಕ್ಕಿತು. ಅದೇ ಹೊತ್ತು, ಅದೇ ಒಣಗೋ ಬಾಯಿ. ಗಡಿಗೆ ಮಾತ್ರ ಬೇರೆ.

ಹೀಗಿರೋವಾಗ, ಮದುವೆಯಾಗಿ ಹೋಗಿದ್ದ ತಾಯಮ್ಮ ಬಸುರಿಯಾಗಿ ತವರಿಗೆ ಬಂದಳಂತೆ, ಹೆಣ್ಣು ಕೂಸು ಹೆತ್ತಳಂತೆ. ಆ ವರ್ಷದ ಮೊದಲ ಕೊಪ್ಪರಿಗೆಯ ಬೆಲ್ಲದಲ್ಲಿ ಮೂರು ಅಚ್ಚನ್ನ ಜವರಮ್ಮ ಒಣ ಬಾಳೆಪಟ್ಟೆಯಲ್ಲಿ ಸುತ್ತಿ, ಸೂರಿಗೆ ತೂಗುಬಿಟ್ಟ ಗಡಿಗೆಯಲ್ಲಿ ಇಟ್ಟಿದ್ದಳು. ಬಾಣಂತಿಗೊಂದು, ಕೂಸಿನ ಹೆಸರಲ್ಲೊಂದು, ಬೀಗರ ಮನೆಗೊಂದು. ಆ ಊರಲ್ಲಿ ಬಾಣಂತಿ ಮಗಳು ಗಂಡನ ಮನೆಗೆ ಹೊರಡುವಾಗ ಅಪ್ಪನೇ ಕೈಯಾರೆ ತವರಿನ ಬೆಲ್ಲ ಒಡೆದು ಅವಳ ಬಾಯಿಗಿಡಬೇಕು, ಅವಳು ನುಂಗಿ ಸಿಹಿ ಅನ್ನಬೇಕು, ಆಮೇಲೇ ಗಾಡಿ ಕಟ್ಟೋದು.

ಅಷ್ಟರಲ್ಲಿ ಕಬ್ಬು ಮುಗೀತು, ಆಲೆಮನೆ ಒಲೆ ಆರಿತು, ಊರಲ್ಲಿ ಬೆಲ್ಲ ಇಲ್ಲ. ಚಪಲಯ್ಯ ಹಲ್ಲು ಹಲ್ಲಿಗೂ ಒದ್ದ. ಜವರಮ್ಮ ಹೊಳೆಗೆ ಬಟ್ಟೆ ಒಗೆಯೋಕೆ ಹೋದಾಗ ದೊಡ್ಡೀರಯ್ಯ ಗಡಿಗೆಗೆ ಕೈ ಹಾಕಿದನಂತೆ. ಮೊದಲನೇ ಅಚ್ಚು ತಿನ್ನುವಾಗ, ಹುಳ ಹಿಡಿದಿದೆಯೋ ಏನೋ, ನೋಡೋದು ನನ್ನ ಕೆಲಸ ತಾನೇ, ಅಂದುಕೊಂಡ. ಎರಡನೇದು ತಿನ್ನುವಾಗ, ತಲೆ ಸುತ್ತುತ್ತೆ, ಔಷಧಿ ಇದ್ದ ಹಾಗೆ, ಅಂದುಕೊಂಡ. ಮೂರನೇದಕ್ಕೆ ಏನೂ ಅಂದುಕೊಳ್ಳಲಿಲ್ಲವಂತೆ. ಕೈ ಹೋಯಿತು, ಬಾಯಿ ತೆರೆಯಿತು, ಅಷ್ಟೆ. ತಿಂದು ಮುಗಿದ ಮೇಲೆ ಒಳಕೋಣೇಲಿ ಕೂಸು ಅತ್ತಿತು. ನನ್ನನ್ನೇ ಕಂಡು ಅತ್ತಿತೇನೋ ಅಂತ ಅವನು ಬಾಗಿಲ ಹಿಂದೆ ನಿಂತುಕೊಂಡನಂತೆ.

ಆಮೇಲೆ ಆ ಮಹಾ ಪಾಕಗಾರ ಹಿತ್ತಲಿಗೆ ಹೋಗಿ, ಕೆಂಪು ಮಣ್ಣು ಜರಡಿ ಹಿಡಿದು, ಕಲಸಿ, ಬೆಲ್ಲ ಒತ್ತೋ ಮರದ ಅಚ್ಚಿನಲ್ಲೇ ಮೂರು ಒತ್ತಿ, ಅಚ್ಚಿನ ಮೂಲೇಲಿ ಅಂಟಿದ್ದ ಬೆಲ್ಲ ಕೆರೆದು ಮೇಲೆ ಸವರಿ, ಬಾಳೆಪಟ್ಟೇಲಿ ಸುತ್ತಿ ಗಡಿಗೆಯಲ್ಲಿಟ್ಟನಂತೆ. ಎಂಥ ಕೆಲಸ ಅಂತೀಯ, ನೊಣ ಕೂಡ ಮೋಸ ಹೋಯಿತು. ತಾನು ಜನ್ಮದಲ್ಲೇ ಅಷ್ಟು ಚೆಂದ ಅಚ್ಚು ಕಟ್ಟಿರಲಿಲ್ಲ ಅಂತ ಅವನಿಗೇ ಅನಿಸಿ, ಆ ಕೈಯನ್ನ ಎಷ್ಟೋ ಹೊತ್ತು ತೊಳೆದನಂತೆ.

ಹೊರಡೋ ದಿನ ಬಂತು. ಹೊಂಬಾಳಮ್ಮ ಕೆನ್ನೆಯೊಳಗೆ ಅಡಿಕೆ ಒತ್ತಿಕೊಂಡು ಜಗಲಿ ಮೇಲೆ ಕೂತಳು, ಅಳಿಯ ಗಾಡಿ ಪಕ್ಕ ನಿಂತ. ದೊಡ್ಡೀರಯ್ಯ, ನನ್ನ ಕೈ ಯಾಕೋ ನೋಯುತ್ತೆ, ಇವತ್ತು ಬೇಡ, ಅಂತ ರಾಗ ಎಳೆದ. ಕೊಡಿ ಬೀಗರೆ, ನಾನೇ ಒಡೀತೀನಿ, ಅಂತ ಹೊಂಬಾಳಮ್ಮ ಕೈ ಚಾಚಿದಳು. ಅಯ್ಯೋ ಬೇಡ ಬೇಡ ಅಂತ ತಾನೇ ಒಡೆದನಂತೆ. ಚೂರು ತೆಗೆದ. ಕಣ್ಣು ಮುಚ್ಚಿಕೊಂಡು ಮಗಳ ಬಾಯಿಗಿಟ್ಟ.

ಕರುಂ ಅಂತ ಸದ್ದಾಯಿತಂತೆ.

ತಾಯಮ್ಮ ಅಗಿದಳು. ಅಗಿದು ನುಂಗಿದಳು. ನುಂಗಿ, ಸಿಹಿಯಾಗಿದೆ ಅಪ್ಪಯ್ಯ, ಅಂದಳು. ಕಾಲಿಗೆ ಬೀಳೋ ನೆಪದಲ್ಲಿ ಬಗ್ಗಿ ಮೆಲ್ಲಗೆ, ನಮ್ಮ ಹಿತ್ತಲ ಮಣ್ಣು, ರುಚಿ ಮರೆತಿಲ್ಲ ನಾನು, ಅಂದಳಂತೆ.

ಯಾಕೆ ಅಂದರೆ ಅವಳು ಚಿಕ್ಕವಳಿದ್ದಾಗ ಗೋಡೆ ಕೆರೆದು ಮಣ್ಣು ತಿನ್ನೋಳು. ಆಗ ಇದೇ ಅಪ್ಪ ಕಬ್ಬಿನ ಜಲ್ಲೆ ತಗೊಂಡು ಕೈಗೆ ಬಾರಿಸಿ, ಆಸೆಬುರುಕಿ, ಮಣ್ಣು ತಿಂತೀಯಾ, ಅಂತ ಬೀದೀಲಿ ನಿಲ್ಲಿಸಿದ್ದನಂತೆ. ಈಗ ಅವನೇ ತಿನ್ನಿಸಿದ. ದೊಡ್ಡೀರಯ್ಯನಿಗೆ ನೆಲ ಬಾಯಿ ಬಿಟ್ಟರೆ ಸಾಕು ಅನಿಸಿತು. ನೆಲ ಯಾಕೆ ಬಾಯಿ ಬಿಡುತ್ತೆ, ಅದಕ್ಕೇನು ಚಪಲ.

ಅಷ್ಟರಲ್ಲಿ ಹೊಂಬಾಳಮ್ಮ, ನನಗೂ ಒಂದು ಚೂರು ಕೊಡಮ್ಮ, ತವರಿನ ಬೆಲ್ಲದ ರುಚಿ ನೋಡ್ತೀನಿ, ಅಂದಳು. ತಾಯಮ್ಮ ಮೂರು ಅಚ್ಚನ್ನೂ ಸೆರಗಲ್ಲಿ ಸುತ್ತಿಕೊಂಡು, ಇಲ್ಲ ಅತ್ತೆ, ಇದೆಲ್ಲ ನನಗೇ ಬೇಕು, ಯಾರಿಗೂ ಕೊಡಲ್ಲ, ಅಂದಳಂತೆ. ಹೊಂಬಾಳಮ್ಮ ಹುಬ್ಬೇರಿಸಿ, ಎಲಾ ಆಸೆಬುರುಕಿ, ಅಂದಳು.

ಆ ಮಾತು ಬಿದ್ದಿದ್ದೇ ತಡ, ದೊಡ್ಡೀರಯ್ಯನ ಬಾಯಿ ತಾನಾಗಿ ತೆರೆಯಿತಂತೆ. ಏನನ್ನೂ ತಿನ್ನೋಕೆ ಅಲ್ಲದೆ ಅದು ಹಾಗೆ ತೆರೆದಿದ್ದು ಎಷ್ಟೋ ತಿಂಗಳಲ್ಲಿ ಅದೇ ಮೊದಲು. ಆಸೆಬುರುಕಿ ಅವಳಲ್ಲ ಬೀಗಿತಿ, ಆಸೆಬುರುಕ ನಾನು, ಅಂದ. ಅದು ಬೆಲ್ಲ ಅಲ್ಲ, ಮಣ್ಣು. ಬೆಲ್ಲ ಮೂರನ್ನೂ ನಾನು ಕದ್ದು ತಿಂದೆ. ಕಳ್ಳು ಬಿಟ್ಟೆ, ಕಳ್ಳತನ ಬಿಡಲಿಲ್ಲ. ಬೈಯೋದಿದ್ದರೆ ನನಗೆ ಬೈರಿ, ಮಗಳಿಗೆ ಏನೂ ಅನ್ನಬೇಡಿ. ಇಷ್ಟು ಹೇಳಿ, ರುಮಾಲು ಬಿಚ್ಚಿ ನೆಲದ ಮೇಲಿಟ್ಟು, ಅದರ ಪಕ್ಕ ಕೂತುಬಿಟ್ಟನಂತೆ. ಜವರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಅಳಿಯ ಎತ್ತಿನ ಕೊರಳಗಂಟೆ ಎಣಿಸೋನ ಹಾಗೆ ಆ ಕಡೆ ತಿರುಗಿದ.

ಹೊಂಬಾಳಮ್ಮ ಜಗಲಿಯಿಂದ ಇಳಿದು ಬಂದಳಂತೆ. ಆಮೇಲೆ ಕೆನ್ನೆಯೊಳಗಿನ ಅಡಿಕೆಯನ್ನ ಅಂಗೈಗೆ ಉಗುಳಿದಳು. ನೋಡಿದರೆ ಅದು ಅಡಿಕೆ ಅಲ್ಲ, ಹುಣಸೆಬೀಜ. ನಾನು ನಶ್ಯ ಬಿಟ್ಟು ಹನ್ನೆರಡು ವರ್ಷ ಆಯಿತು ಬೀಗರೆ, ಅಂದಳು. ಅವತ್ತಿಂದ ಹುಣಸೆಹಣ್ಣಿನ ಚಪಲ ಹಿಡಿದಿದೆ. ಹೋದ ವರ್ಷ ಒಂದು ಗುಡಾಣ ಹಣ್ಣು ಖಾಲಿ ಮಾಡಿ, ಇಲಿ ತಿಂತು ಅಂದೆ. ಇಲಿ ಎಲ್ಲಾದರೂ ಹುಣಸೆಹಣ್ಣು ತಿಂತದಾ. ನಿಮ್ಮ ಮಗಳು ಆ ಇಲಿಗೆ ಅಂತ ನಾಲ್ಕು ದಿನ ಬೋನು ಇಟ್ಟಳು, ನಾನು ಬಾಯಿ ಬಿಡಲಿಲ್ಲ. ಇವತ್ತು ಮಾತ್ರ ಅವಳನ್ನ ಬಾಯಿ ತುಂಬ ಆಸೆಬುರುಕಿ ಅಂದೆ.

ಯಾರೂ ನಗಲಿಲ್ಲ. ತಾಯಮ್ಮ ಬಾಯಿ ಮುಕ್ಕಳಿಸಿ ಬಂದು ಅಪ್ಪನ ಪಕ್ಕ ಕೂತು, ಅಪ್ಪಯ್ಯ, ನೀನು ಹೊಡೆದಿದ್ದಕ್ಕೆ ನಾನು ಮಣ್ಣು ಬಿಡಲಿಲ್ಲ, ಹೊಡೆದ ಮೇಲೆ ಕತ್ತಲಕೋಣೆ ಗೋಡೆ ಕೆರೆದು ತಿಂದೆ, ಅಂದಳಂತೆ. ಮಣ್ಣು ಬಿಟ್ಟಿದ್ದು ನಿನ್ನವ್ವ, ನಮ್ಮಜ್ಜಿಯಿಂದ. ಬೇಕು ಅನಿಸಿದಾಗ ನನ್ನ ಹತ್ತಿರ ಬಂದು ಹೇಳು, ತಿಂದರೂ ಬಂದು ಹೇಳು, ಅಂದಿದ್ದಳು. ಹೇಳೋಕೆ ಹೋದಾಗೆಲ್ಲ ಅಷ್ಟು ಹೊತ್ತು ತಿನ್ನಲಿಲ್ಲ. ನೀನೂ ಅವ್ವಂಗೆ ಹೇಳು.

ಅವತ್ತು ಗಾಡಿ ಬೆಲ್ಲ ಇಲ್ಲದೇ ಹೊರಟಿತು, ಆ ಊರಲ್ಲಿ ಹಾಗೆ ಹೊರಟ ಒಂದೇ ಗಾಡಿ ಅದು. ಆವತ್ತಿಂದ ಸಂಜೆ ಚಪಲಯ್ಯ ಒದ್ದಾಗ ದೊಡ್ಡೀರಯ್ಯ ಜಗಲಿಗೆ ಬಂದು, ಬಂದ ಕಣೇ, ಅನ್ನೋನಂತೆ. ಜವರಮ್ಮ ಒಂದು ಚೊಂಬು ನೀರು ತಂದಿಟ್ಟು, ಇರಲಿ, ಕೂತ್ಕೊಳ್ಳಿ, ಅಂತ ಜೊತೇಲಿ ಅವರೆಕಾಯಿ ಸುಲಿಯೋಳು. ಕೆಲವು ದಿನ ಚಪಲಯ್ಯ ಮೂರು ಸಲ ಬಂದ. ಒಂದೆರಡು ದಿನ ಗೆದ್ದೂ ಹೋದ, ಅದನ್ನೂ ಇವನು ತಲೆ ತಗ್ಗಿಸಿಕೊಂಡೇ ಹೇಳಿದ. ಹೇಳುತ್ತಾ ಹೇಳುತ್ತಾ ಚಪಲಯ್ಯ ಹೆಬ್ಬೆರಳಿಂದ ಕಿರುಬೆರಳಾದ, ಆಮೇಲೆ ಅವರೆಕಾಳಾದ, ಆಮೇಲೆ ಸಾಸಿವೆಕಾಳಾದ. ಪೂರ್ತಿ ಹೋದ ಅಂತ ಮಾತ್ರ ಯಾರೂ ಹೇಳಿಲ್ಲ.

ಮುಂದಿನ ವರ್ಷ ಆಲೆಮನೆ ಒಲೆ ಹತ್ತಿತು. ಮೊದಲ ಕೊಪ್ಪರಿಗೆಯಲ್ಲಿ ದೊಡ್ಡೀರಯ್ಯ ಮೂರು ಅಚ್ಚು ಕಟ್ಟಿ, ಬುಟ್ಟಿ ಮುಚ್ಚದೆ, ಎಲ್ಲರೂ ನೋಡೋ ಹಾಗೆ ತಲೆ ಮೇಲೆ ಹೊತ್ತು, ಕಾಲುವೆಯಲ್ಲಿ ಇಳಿಯದೆ ನೇರ ದಾರೀಲೇ ಮಗಳ ಮನೆಗೆ ನಡೆದನಂತೆ. ಹಿಂದೆ ಇರುವೆ ಸಾಲು ದಿಬ್ಬಣದ ಹಾಗೆ ಬಂತು. ಬರಲಿ ಅಂದ. ಮಗಳ ಬಾಯಿಗೆ ಬೆಲ್ಲ ಇಟ್ಟ. ಅವಳು ಸಿಹಿ ಅಂತ ಹೇಳೋ ಮೊದಲೇ ಎರಡನೇ ಚೂರಿಗೆ ಬಾಯಿ ತೆರೆದಳಂತೆ.

ಅಲ್ಲಿಗೆ ಅವರು ಅಲ್ಲಿ ಸುಖವಾಗಿದ್ದರು, ನಾವು ಇಲ್ಲಿ ಕಂಬಳಿ ಹೊದ್ದೆವು, ಕತೆಯೂ ಮಗ್ಗುಲಾಯಿತು.

ಮೀಸೆಗೆ ಕತ್ತರಿ ತರಬೇಡ, ನಾನೇ ಒಪ್ಪಿಕೊಳ್ತೀನಿ. ಒಂದೇ ಒಂದು ಸಣ್ಣ ಮಾತು ಸೇರಿಸಿದೆ. ಇರುವೆ ನಿಜ, ಮಣ್ಣು ನಿಜ, ಹುಣಸೆಬೀಜ ನಿಜ. ಆದರೆ ದೊಡ್ಡೀರಯ್ಯನ ನಾಲಿಗೆ ಅಡಿ ಯಾರೂ ಇರಲಿಲ್ಲ. ಅವನೊಬ್ಬನೇ ಇದ್ದ.