ಸಣ್ಣ ಕೋಲು

“ಗುರುಗಳೇ, ಬ್ಯಾಸಿಲಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಸಣ್ಣ ಕೋಲು ಎಂದಷ್ಟೇ ಅರ್ಥವಂತೆ. ಊರೂರನ್ನೇ ಬರಿದು ಮಾಡುವ ರೋಗಾಣುವಿಗೆ ಇಷ್ಟು ಸಪ್ಪೆ ಹೆಸರೇಕೆ?”

ಕೇಳಿದವನು ವೈದ್ಯ ವಿದ್ಯಾರ್ಥಿ. ವಾರ್ಡಿನಿಂದ ನೇರವಾಗಿ ಬಂದು ಗುರುಗಳ ಎದುರು ಊಟಕ್ಕೆ ಕೂತಿದ್ದ. ಹಳೆಯ ಡಾಕ್ಟರಾದ ಗುರುಗಳು ಬಡಿಸಿದ ಅನ್ನವನ್ನು ಇನ್ನೂ ಮುಟ್ಟಿರಲಿಲ್ಲ.

“ಮೊದಲು ಮಸೂರದಲ್ಲಿ ನೋಡಿದವರಿಗೆ ಕೋಲಿನಂಥದ್ದು ಕಂಡಿತು. ಕಂಡದ್ದನ್ನು ಹೇಳಿದರು. ಅದು ಏನು ಮಾಡುತ್ತದೆಂದು ಅವರಿಗೆ ತಿಳಿದಿರಲಿಲ್ಲ. ಒಬ್ಬ ಕುರಿಗಾಹಿಗೆ ಅದೂ ತಿಳಿದಿತ್ತು. ಕೇಳು.”

ಆ ಕುರಿಗಾಹಿಯ ಹಿಂಡಿನಲ್ಲಿ ಒಂದೇ ಬೆಳಿಗ್ಗೆ ಮೂರು ಕುರಿ ಬಿದ್ದವು. ಮೂಗಿನಿಂದ ಕಪ್ಪು ರಕ್ತ ಇಳಿದಿತ್ತು. ಪಶುವೈದ್ಯ ನೋಡಿ, ನೆರಡಿ ರೋಗ, ಅಂದರೆ ಆಂತ್ರಾಕ್ಸ್ ಎಂದ. ಮಾಂಸ ತಿನ್ನಬೇಡ, ಚರ್ಮ ಸುಲಿಯಬೇಡ, ಉಣ್ಣೆ ಕತ್ತರಿಸಬೇಡ, ಇದ್ದಂತೆಯೇ ಆಳಕ್ಕೆ ಹೂಳಿ ಸುಣ್ಣ ಸುರಿ ಎಂದ.

“ಕೊಂದದ್ದು ಯಾವುದು, ಡಾಕ್ಟರೇ?”

“ಕಣ್ಣಿಗೆ ಕಾಣದ ರೋಗಾಣು. ಅದರ ಹೆಸರಿನ ಅರ್ಥ ಸಣ್ಣ ಕೋಲು.”

ಕುರಿಗಾಹಿ ನಕ್ಕುಬಿಟ್ಟ. “ಕೋಲು ಹಿಡಿದೇ ನನ್ನ ತಲೆ ನರೆಯಿತು. ಕೋಲಿಗೆ ಹೆದರೋಕೆ ನಾನೇನು ಕುರಿಯೇ?”

ನಕ್ಕರೂ ಅವನು ಹಟಮಾರಿಯಲ್ಲ. ಎದೆಮಟ್ಟದ ಗುಂಡಿ ತೋಡಿದ. ಮಾಂಸ ಮುಟ್ಟಲಿಲ್ಲ, ಚರ್ಮ ಸುಲಿಯಲಿಲ್ಲ. ಸುಣ್ಣವನ್ನು ಧಾರಾಳವಾಗಿ ಸುರಿದ. ಆದರೆ ಅವನ ಮನೆತನದಲ್ಲಿ ಒಂದು ವಾಡಿಕೆಯಿತ್ತು. ಸತ್ತ ಕುರಿಯನ್ನು ಉಣ್ಣೆಯೊಡನೆ ಮಣ್ಣಿಗೆ ಹಾಕುವುದಿಲ್ಲ. ಆ ಉಣ್ಣೆಯನ್ನು ಮಾರುವುದೂ ಇಲ್ಲ. ಮನೆಯವರು ಹೊದೆಯುವ ಕಂಬಳಿಗೆ ಸೇರಿಸುತ್ತಾರೆ. ಹಾಗೆ ಮಾಡಿದರೆ ಸತ್ತ ಕುರಿ ಮನೆ ಬಿಟ್ಟು ಹೋಗುವುದಿಲ್ಲವಂತೆ.

ಹೋಗಲಿಲ್ಲ.

ಅವನು ಕತ್ತರಿಸಿ ತಂದ ಉಣ್ಣೆಯನ್ನು ಹೆಂಡತಿ ಹಿಂಜಿ ನೂಲು ತೆಗೆದಳು. ವಾರದೊಳಗೆ ಅವಳ ಮುಂಗೈ ಮೇಲೊಂದು ಗುಳ್ಳೆ ಎದ್ದು, ಒಡೆದು, ನಡುವೆ ಇದ್ದಿಲಿನಂತೆ ಕಪ್ಪಾಯಿತು. ತೋರಿಸಿಕೊಂಡು ಬರೋಣ ಎಂದು ಅವನು ಕರೆದ.

“ನೋವೇ ಇಲ್ಲ ಬಿಡಿ. ನೋಯದ ಹುಣ್ಣಿಗೆ ಆಸ್ಪತ್ರೆಗೆ ಹೋದರೆ ನಾಲ್ಕು ಜನ ನಗ್ತಾರೆ. ಕಂಬಳಿ ಮುಗೀಲಿ.”

ಅವನು ಕಂಬಳಿ ನೇಯ್ದು ಮುಗಿಸಿದ. ಮರುದಿನ ಮಧ್ಯಾಹ್ನ ಕುರಿಗಳನ್ನು ಮೇಯಲು ಬಿಟ್ಟು, ಅದನ್ನೇ ತಲೆಯಡಿ ಮಡಿಸಿಟ್ಟುಕೊಂಡು ಜಾಲಿಯ ನೆರಳಲ್ಲಿ ಮಲಗಿದ. ಕನಸಿನಲ್ಲಿ ಒಂದು ಹಿಂಡು ಬಯಲು ದಾಟುತ್ತಿತ್ತು. ದೂಳೇಳಲಿಲ್ಲ. ಗೊರಸಿನ ಸದ್ದಿಲ್ಲ. ಹತ್ತಿರ ಹೋದರೆ ಅವು ಕುರಿಗಳಲ್ಲ, ಬೆರಳುದ್ದದ ಕೋಲುಗಳು. ಒಂದರ ತುದಿಗೆ ಇನ್ನೊಂದು ತಾಗಿ ಮೆಲ್ಲಗೆ ಸಾಗಿದ್ದವು. ಹಿಂದೆ ಕಾಯುವವರು ಯಾರೂ ಇಲ್ಲ. ಮುಂದೆ ಅವನ ಹೆಂಡತಿ ನೂಲುತ್ತ ನಡೆದಿದ್ದಳು. ಅವನು ಕೂಗಿದ. ಅವಳು ತಿರುಗಿ, ನೋವೇ ಇಲ್ಲ ಎಂದಳು.

ಎದ್ದವನು ಕಂಬಳಿಯನ್ನು ಹೆಗಲಿಗೆಸೆದು, ಹಿಂಡನ್ನು ಬಿಟ್ಟು ಮನೆಗೆ ಓಡಿದ. ಅವಳ ತೋಳು ಹೆಗಲವರೆಗೆ ಊದಿತ್ತು. ಮೈ ಸುಡುತ್ತಿತ್ತು. ಗಾಡಿ ಕಟ್ಟಿದ. ಚಳಿ ಎಂದು ಅವಳು ನಡುಗಿದಾಗ ಹೊಸ ಕಂಬಳಿಯನ್ನೇ ಹೊದಿಸಿದ. ಆಸ್ಪತ್ರೆಯ ಬಾಗಿಲಲ್ಲಿ ಕಂಬಳಿ ಸರಿಸಿದಾಗ ಅವಳಲ್ಲಿ ಉಸಿರು ಇರಲಿಲ್ಲ.

ಶಿಷ್ಯ ತುತ್ತು ಕಲಸುತ್ತ ಕೇಳಿದ: “ಅವನಿಗೆ ಹೆಸರು ಗೊತ್ತಿತ್ತು. ಮಾಡಬೇಕಾದ್ದೂ ಗೊತ್ತಿತ್ತು. ಉಣ್ಣೆಯೊಂದನ್ನು ಹೇಗೆ ಬಿಟ್ಟ, ಗುರುಗಳೇ?”

“ನೀನು ವಾರ್ಡಿನ ಕೋಟು ತೊಟ್ಟೇ ಊಟಕ್ಕೆ ಕೂತ ಹಾಗೆ.”